ಹುಣಸೆಹಣ್ಣಿನಲ್ಲಿ ತಿಕ್ಕಿದ ನಾಣ್ಯ

ನಾನು ಚಿಕ್ಕವಳಿದ್ದಾಗ ಹೊಳೆಯದ ವಸ್ತುವಿಗೆ ನಮ್ಮಲ್ಲಿ ಮರ್ಯಾದೆ ಇರಲಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಬೂಟಿನ ಮೂತಿ, ಬೆಲ್ಟಿನ ಬಕಲ್ ನೋಡಿಯೇ ತರಗತಿಯೊಳಗೆ ಬಿಡುತ್ತಿದ್ದರು. ಕಲಬುರ್ಗಿಯ ಜಗತ್ ಸರ್ಕಲ್ ಹತ್ತಿರದ ನಮ್ಮ ಮನೆಯಲ್ಲಿ ಪ್ರತಿ ಗುರುವಾರ ಸಂಜೆ ದೇವರ ಪಾತ್ರೆ ತಿಕ್ಕುವ ಪಾಳಿ ನನ್ನದು. ಹುಣಸೆಹಣ್ಣು, ಒಲೆಯ ಬೂದಿ, ಒಂದು ಹಿಡಿ ತೆಂಗಿನ ನಾರು. ಕಪ್ಪಾಗಿದ್ದ ತಾಮ್ರದ ತಂಬಿಗೆ ನನ್ನ ಕೈಯಲ್ಲಿ ತಿರುಗಿ ತಿರುಗಿ ಕೆಂಪಾಗುವುದನ್ನು ನೋಡುವುದೇ ನನಗೊಂದು ಸುಖ.

ಕಮಲಾಪುರದ ಅಜ್ಜಿ ಒಮ್ಮೆ ತನ್ನ ಎಲೆಯಡಿಕೆಯ ಚೀಲದಿಂದ ನಿಜಾಮರ ಕಾಲದ ಎರಡು ಪೈಯ ತಾಮ್ರದ ನಾಣ್ಯವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಒಂದು ಬದಿಗೆ ಬಳ್ಳಿಯಂತೆ ಹೆಣೆದುಕೊಂಡ ಅಕ್ಷರಗಳು. ಬಣ್ಣ ಮಾತ್ರ ಹಳೆಯ ಬೆಲ್ಲದ್ದು. "ನಮ್ಮಪ್ಪ ನನಗ ಕೊಟ್ಟದ್ದವಾ ಇದು. ಜ್ವಾಕಿ!" ಎಂದಳು. ಆ ಗುರುವಾರ ಅದೂ ತಂಬಿಗೆಯ ಜೊತೆ ಬಚ್ಚಲಿಗೆ ಬಂತು. ಚೆನ್ನಾಗಿ ತಿಕ್ಕಿದೆ. ಫಳಫಳ ಹೊಳೆಯಿತು. ಅಪ್ಪನಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳಬೇಕೆಂದು ಕಂಪಾಸು ಡಬ್ಬಿಯಲ್ಲಿಟ್ಟೆ.

ಅಪ್ಪ ಆಗಷ್ಟೇ ನಾಣ್ಯ ಕೂಡಿಸಲು ಶುರುಮಾಡಿದ್ದರು. ಅವರೂ ನನ್ನಷ್ಟೇ ಹೊಸಬರು. ಟಂಕಸಾಲೆಗೆ ಕಾಗದ ಬರೆದು ತರಿಸಿದ, ಕೂಡಿಸಿಡುವವರಿಗೆಂದೇ ಅಚ್ಚು ಹಾಕಿದ ಬೆಳ್ಳಿಯ ಪ್ರೂಫ್ ನಾಣ್ಯವೊಂದು ಅವರ ಪ್ರಾಣ. ಅದನ್ನು ನಾವು ಕನ್ನಡಿ ನಾಣ್ಯ ಎನ್ನುತ್ತಿದ್ದೆವು. ನಮ್ಮಿಬ್ಬರಿಗೂ ಗುರು ಸ್ಟೇಶನ್ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಚಾಚಾ. ಶನಿವಾರ ಅವರ ಅಂಗಡಿಗೆ ಹೋದಾಗ ಚಾಚಾ ಮೂರು ನಾಣ್ಯಗಳನ್ನು ಮಖಮಲ್ಲಿನ ಮೇಲೆ ಸಾಲಾಗಿಟ್ಟರು.

"ಬೇಟಿ, ಹೊಳೀತದೋ ಇಲ್ಲೋ ಅಂತ ನೋಡಬ್ಯಾಡ. ಹೊಳಪು ನಡೀತದೇನು, ಅದು ನೋಡು."

ಅಪ್ಪನ ಕನ್ನಡಿ ನಾಣ್ಯವನ್ನು ಓರೆ ಮಾಡಿದರು. ಚಿತ್ರದ ಸುತ್ತಲಿನ ಬಯಲೆಲ್ಲ ಕನ್ನಡಿ, ಉಬ್ಬಿದ ಚಿತ್ರದ ಮೇಲೆ ಮಾತ್ರ ಹಿಟ್ಟು ಉದುರಿಸಿದಂಥ ಬಿಳುಪು. ಎರಡನೆಯದು ಟಂಕಸಾಲೆಯಿಂದ ಬಂದು ಯಾರ ಕೈಯಲ್ಲೂ ಓಡಾಡದ ನಾಣ್ಯ. ಅದನ್ನು ಹೊರಳಿಸಿದರೆ ಬೆಳಕು ಸೈಕಲ್ ಚಕ್ರದ ಕಡ್ಡಿಗಳಂತೆ ಸುತ್ತುತ್ತಿತ್ತು. ಮೂರನೆಯದು ಸಂತೆ ಸುತ್ತಿ ಸವೆದದ್ದು, ಕಂದುಬಣ್ಣದ್ದು.

"ಇದನ್ನ ತೊಳೆದ್ರ ಏನಾಗ್ತದ ಚಾಚಾ?" ಎಂದೆ.

"ತೊಳೆದ್ರ? ಅರೆ, ಆ ಕಂದು ಬಣ್ಣ ಹೊಲಸಲ್ಲವ್ವಾ, ಅದರ ಚಮಡಾ, ತೊಗಲು! ಚಮಡಾ ಕಿತ್ತಿದ ಮ್ಯಾಲೆ ಹೊಳೀತದ, ಖರೆ. ಹೊಳಪು ಮಾತ್ರ ಸತ್ತು ಬಿದ್ದಿರ್ತದ."

ಮನೆಗೆ ಬಂದು ಕಿಟಕಿಯ ಹತ್ತಿರ ನನ್ನ ನಾಣ್ಯ ಹೊರಳಿಸಿದೆ. ಎಲ್ಲ ಕಡೆ ಒಂದೇ ಹೊಳಪು. ನಡೆಯಲಿಲ್ಲ. ಅಕ್ಷರದ ಸಂದಿಯಲ್ಲಿ ಬೂದಿ ಕೂತಿತ್ತು, ಮೈತುಂಬ ಕೂದಲಿನಂಥ ಗೀರು. ಕಂಪಾಸು ಡಬ್ಬಿಯನ್ನು ಮುಚ್ಚಿದವಳು ಯಾರಿಗೂ ಹೇಳಲಿಲ್ಲ. ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿದೆ.

ಮರುದಿನ ಕಮಲಾಪುರಕ್ಕೆ ಹೊರಟೆವು. ಅಜ್ಜಿಯ ಪಡಸಾಲೆಯಲ್ಲಿ ಆ ಊರಿನ ಕೆಂಪು ಬಾಳೆಹಣ್ಣಿನ ಘಮ. ನೆರೆಮನೆಗೆ ಬಂದಿದ್ದ ಹಳೆ ನಾಣ್ಯದ ವ್ಯಾಪಾರಿಯೊಬ್ಬರು ಅಪ್ಪನ ಹುಚ್ಚು ಕೇಳಿ ಸೂಟ್‌ಕೇಸಿನ ಸಮೇತ ಬಂದು ಕುಳಿತರು. ಅಜ್ಜಿ ಕೊಟ್ಟಂಥದ್ದೇ ಎರಡು ಪೈ ನಾಣ್ಯ ತೆಗೆದರು. ಥಳಥಳ ಹೊಳೆಯುತ್ತಿತ್ತು.

"ಟಂಕಸಾಲಿಯಿಂದ ಸೀದಾ ಬಂದದ್ದು ನೋಡ್ರಿ ಸರ. ಒಬ್ಬರ ಕೈ ಸುದ್ದಾ ಹತ್ತಿಲ್ಲ. ನಿಮ್ಮ ಬೆಳ್ಳಿ ನಾಣ್ಯ ಕೊಡ್ರಿ, ಇದು ನಿಮ್ಮದು."

ಅಪ್ಪನ ಕಣ್ಣುಗಳು ಅರಳಿದವು. ಊರೂರು ತೋರಿಸಲು ಜೇಬಿನಲ್ಲೇ ಇಟ್ಟುಕೊಂಡಿದ್ದ ಕನ್ನಡಿ ನಾಣ್ಯದ ಡಬ್ಬಿ ಹೊರಗೆ ಬಂತು.

"ನಾ ಒಮ್ಮೆ ನೋಡ್ಲಿ?" ಎಂದು ತಾಮ್ರದ ನಾಣ್ಯ ಹಿಡಿದು ಹೊಸ್ತಿಲಿನ ಬಿಸಿಲಿಗೆ ಹೋದೆ. ಓರೆ ಮಾಡಿದೆ. ಹೊಳಪು ನಡೆಯಲಿಲ್ಲ. ಸಂದಿಯಲ್ಲಿ ಅದೇ ಬೂದಿ, ಮೈಮೇಲೆ ಅವೇ ಗೀರು. ನನಗೆ ಖಾತ್ರಿಯಾಯಿತು. ಆದರೆ ಹೇಗೆ ಗೊತ್ತು ಎಂದು ಕೇಳಿದರೆ?

"ಅಪ್ಪಾ, ಕೊಡಬ್ಯಾಡ್ರಿ. ಇದನ್ನ ತಿಕ್ಯಾರ."

ವ್ಯಾಪಾರಿ ನಕ್ಕರು. "ಪಾಟಿ ಪೆನ್ಸಿಲ್ ಹಿಡಿಯೋರು ನಾಣ್ಯ ಪರೀಕ್ಷೆ ಮಾಡಾಕತ್ತಾರ! ನಿನಗೆ ಹ್ಯಾಂಗ ಗೊತ್ತವಾ?"

ಚೀಲದಿಂದ ಕಂಪಾಸು ಡಬ್ಬಿ ತೆಗೆದೆ. ನನ್ನ ನಾಣ್ಯವನ್ನು ಅವರ ನಾಣ್ಯದ ಪಕ್ಕಕ್ಕಿಟ್ಟೆ. "ಯಾಕಂದ್ರ ಇದನ್ನ ನಾ ತಿಕ್ಕೀನಿ. ಹುಣಚಿಹಣ್ಣು, ಬೂದಿ ಹಚ್ಚಿ."

ಅಪ್ಪ ನಾಣ್ಯ ನೋಡಿದರು, ನನ್ನನ್ನು ನೋಡಿದರು, ಕನ್ನಡಿ ನಾಣ್ಯದ ಡಬ್ಬಿಯ ಮುಚ್ಚಳ ಹಾಕಿದರು. ಅಜ್ಜಿ ಎದ್ದು ಬಂದು ಎರಡನ್ನೂ ಮೂಗಿನ ಹತ್ತಿರ ಹಿಡಿದಳು. ತನ್ನ ಅಪ್ಪ ಕೊಟ್ಟ ನಾಣ್ಯದ ಮೇಲೆ ಒಂದು ಸಲ ಹೆಬ್ಬೆರಳು ಆಡಿಸಿದಳು.

"ಅಯ್ಯ, ಎರಡೂ ಒಂದೇ ಬಚ್ಚಲದಾಗ ಜಳಕ ಮಾಡ್ಯಾವಲ್ಲೋ!" ಎಂದಳು.

ವ್ಯಾಪಾರಿ "ನನಗೂ ಯಾರೋ ಹಂಗ ಹೇಳೇ ಕೊಟ್ಟಾರ್ರಿ" ಎನ್ನುತ್ತ ಸೂಟ್‌ಕೇಸು ಮುಚ್ಚಿದರು. ಅಜ್ಜಿ ಅವರಿಗೂ ಎರಡು ಬಾಳೆಹಣ್ಣು ಕೊಟ್ಟೇ ಕಳಿಸಿದಳು.

ಬಸ್ಸು ಕಲಬುರ್ಗಿ ಮುಟ್ಟಿತು. ಇಳಿಯುವಾಗ ಅಪ್ಪ, "ತಿಕ್ಕಿದ್ದಕ್ಕ ಸಿಟ್ಟು ಅದ. ಹೇಳಿದ್ದಕ್ಕ ಇಲ್ಲ" ಎಂದರು. ಮನೆಗೆ ಬಂದವರೇ ಒಂದು ಚೀಟಿಯ ಮೇಲೆ 'ತಿಕ್ಕಿದ್ದು' ಎಂದು ಬರೆದು, ನನ್ನ ನಾಣ್ಯವನ್ನು ತಮ್ಮ ಪೆಟ್ಟಿಗೆಯಲ್ಲಿ ಕನ್ನಡಿ ನಾಣ್ಯದ ಪಕ್ಕದಲ್ಲೇ ಇಟ್ಟರು.

ಈಗ ಆ ಪೆಟ್ಟಿಗೆ ನನ್ನ ಬಳಿ ಇದೆ. ಮೊಮ್ಮಕ್ಕಳಾದ ನೀವು ತರಕಾರಿಯವಳಿಗೂ ಫೋನಿನಲ್ಲೇ ಹಣ ಕೊಡುವವರು, ನಾಣ್ಯದ ಸದ್ದು ನಿಮ್ಮ ಜೇಬಿಗೆ ಗೊತ್ತಿಲ್ಲ. ಫೋನಿನಲ್ಲಿ ನಾಣ್ಯದ ಫೋಟೋ ಎಷ್ಟು ಬೇಕಾದರೂ ದೊಡ್ಡದು ಮಾಡುತ್ತೀರಿ, ಅಕ್ಷರದ ಸಂದಿಯವರೆಗೂ ಹೋಗುತ್ತೀರಿ. ನಮ್ಮ ಚಾಚಾನ ಭೂತಗನ್ನಡಿಗೂ ಅಷ್ಟು ಕಾಣುತ್ತಿರಲಿಲ್ಲ. ಆದರೆ ಮೊನ್ನೆ ನಿಮ್ಮಲ್ಲೊಬ್ಬಳು "ಅಜ್ಜಿ, ಇದು ಪ್ರೂಫ್ ಏನ?" ಎಂದು ಚಿತ್ರ ತೋರಿಸಿದಾಗ ನಾನು ಫೋನನ್ನು ಆ ಕಡೆ ಈ ಕಡೆ ಓರೆ ಮಾಡಿದೆ. ಅವಳು ಬಿದ್ದು ಬಿದ್ದು ನಕ್ಕಳು. ಚಿತ್ರದಲ್ಲಿ ಬೆಳಕು ನಿಂತೇ ಇತ್ತು.

ಅವಳನ್ನು ಕಿಟಕಿಯ ಹತ್ತಿರ ಕರೆದು 'ತಿಕ್ಕಿದ್ದು' ಚೀಟಿಯ ನಾಣ್ಯ ಕೈಯಲ್ಲಿಟ್ಟೆ. ಇಷ್ಟು ವರ್ಷಗಳಲ್ಲಿ ಅದು ಮತ್ತೆ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಅವಳು ಮೆಲ್ಲಗೆ ಹೊರಳಿಸಿದಳು, ಕಣ್ಣು ಕಿರಿದು ಮಾಡಿದಳು.

"ಅಜ್ಜಿ, ಇದರ ಮ್ಯಾಲೆ ಗೀರು ಅದಾವ. ಯಾರು ಮಾಡ್ಯಾರ?"

"ನಾನಽ" ಎಂದೆ.