ಬಾವಿಯಲ್ಲಿ ಉಳಿದಿದ್ದ ನಾಗರಕಲ್ಲು

ನೀರಿನಲ್ಲಿ ಮುಳುಗಿದ ಕಲ್ಲು ಹಗುರವಾದಂತೆ ತೋರುತ್ತದೆ ಎಂಬುದನ್ನು ಕೊಡಿಗೇನಹಳ್ಳಿಯ ಪ್ರೌಢಶಾಲೆಯಲ್ಲಿ ವರ್ಷಾವರ್ಷವೂ ಪಾಠ ಹೇಳುವ ವಿಜ್ಞಾನದ ಟೀಚರು ನಾನು. ಊರವರ ಮಕ್ಕಳಿಗೆಲ್ಲ ಸೃಷ್ಟಿಯ ನಿಯಮಗಳನ್ನು ವಿವರಿಸುವ ಈ ವಿದುಷಿಯ ಮಡಿಲು ಮಾತ್ರ ಮದುವೆಯಾಗಿ ಎಷ್ಟು ವರ್ಷ ಕಳೆದರೂ ತುಂಬಲಿಲ್ಲ. ತುಮಕೂರಿನ ಆಸ್ಪತ್ರೆಯಾಯಿತು, ಬೆಂಗಳೂರಿನದಾಯಿತು, ಹೊಟ್ಟೆಗೆ ನಾನೇ ಸೂಜಿ ಚುಚ್ಚಿಕೊಂಡದ್ದಾಯಿತು; ತಿಂಗಳಿಗೊಮ್ಮೆ ನನ್ನ ಆಸೆ ಬಚ್ಚಲುಮನೆಯಲ್ಲಿ ಸದ್ದಿಲ್ಲದೆ ಮುಗಿಯುತ್ತಿತ್ತು. ಕೊನೆಗೆ ಅತ್ತೆ ನಾಗಪ್ರತಿಷ್ಠೆ ಮಾಡಿಸೋಣವೆಂದಾಗ, ದೇವರ ಕುರಿತು ಸ್ಟಾಫ್ ರೂಮಿನಲ್ಲಿ ಆಡಿದ್ದ ನನ್ನ ಚಾತುರ್ಯದ ಮಾತುಗಳನ್ನೆಲ್ಲ ಮಡಚಿಟ್ಟು ಹೂಂಗುಟ್ಟಿದೆ.

ಕೆತ್ತಿಸಿದ ನಾಗರಕಲ್ಲನ್ನು ಒಡನೆಯೇ ನಿಲ್ಲಿಸುವಂತಿಲ್ಲ, ನೋಡಿ. ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ನೀರಿನಲ್ಲಿ ಇಟ್ಟು, ಜಲಾಧಿವಾಸ ಮುಗಿದ ಮೇಲೆ ಎತ್ತಿ ಅರಳಿಕಟ್ಟೆಯ ಮೇಲೆ ಪ್ರತಿಷ್ಠಾಪಿಸಬೇಕು. ಹುಲಿಕುಂಟೆಯ ಹತ್ತಿರದ ಅತ್ತೆಯ ಊರಿನ ಮೆಟ್ಟಿಲುಬಾವಿಯಲ್ಲಿ ನಮ್ಮ ಕಲ್ಲನ್ನು ಇಳಿಸಿದೆವು. ಆ ನೀರು ನನ್ನ ಪರವಾಗಿ ಗರ್ಭ ಧರಿಸಿದೆ ಎಂದು ಮಧುಗಿರಿಯ ಮನೆಯಲ್ಲಿ ಕೂತು ದಿನವೂ ಅಂದುಕೊಳ್ಳುತ್ತಿದ್ದೆ; ಭೌತಶಾಸ್ತ್ರಕ್ಕೂ ನನಗೂ ಆಗ ಮಾತುಕತೆ ನಿಂತಿತ್ತು.

ಕಲ್ಲು ಎತ್ತುವ ದಿನ ಬೆಳಿಗ್ಗೆ ನಮ್ಮ ಯಜಮಾನರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು. ನೀರು ಕಪ್ಪಗೆ, ಅಲುಗದೆ ನಿಂತಿತ್ತು. ಕಪ್ಪೆಗಳೂ ದನಿಯೆತ್ತಲಿಲ್ಲ. ಅವರು ಮುಳುಗಿ ಎದ್ದು ಮೆಟ್ಟಿಲ ಮೇಲಿಟ್ಟ ಕಲ್ಲಿಗೆ ಪಾಚಿ ಹಿಡಿದಿತ್ತು, ಹೆಡೆ ಸವೆದಿತ್ತು.

"ಇದು ನಮ್ದಲ್ಲ ಕಣಮ್ಮ," ಎಂದರು ತಾಯಿಗೆ, ಹಲ್ಲು ಕಟಕಟಿಸುತ್ತಾ. "ನಮ್ದು ಪಕ್ದಲ್ಲೇ ಐತೆ. ಎರಡೂ ಒಂದಕ್ಕೊಂದು ಒರಗ್ಕೊಂಡಿದ್ವು. ಅವತ್ತು ಇಟ್ಟಾಗ ಅಲ್ಲೇನೂ ಇರ್ಲಿಲ್ಲ!"

ಅತ್ತೆ ಒಂದು ಮೆಟ್ಟಿಲು ಹಿಂದಕ್ಕೆ ಸರಿದರು. "ಲೇ, ಅದ್ನ ಅಲ್ಲೇ ಬುಟ್ಬುಡ್ಲಾ. ಯಾವಳೋ ಇಟ್ಟೋಳು ಎತ್ತಾಕಾಗ್ದೆ ಹೋಗವ್ಳೆ. ಅವ್ಳ ಸಂಕ್ಟ ನಮ್ಗ್ಯಾಕೆ?"

ಎತ್ತಲಾಗದೆ ಹೋದವಳು! ಅವಳನ್ನು ತವರಿಗೆ ಅಟ್ಟಿದರೋ, ಮನೆಗೆ ಸವತಿ ಬಂದಳೋ, ಅಥವಾ ಅವಳೇ ಒಂದು ದಿನ ಈ ಮೆಟ್ಟಿಲು ಇಳಿದು ಮರಳಿ ಬರಲಿಲ್ಲವೋ. ನಾನು ಕಲ್ಲನ್ನು ಮುಟ್ಟಿದೆ. ನನ್ನ ಅಂಗೈಯ ಬಿಸುಪನ್ನು ಅದು ಮೆಲ್ಲಗೆ ಎಳೆದುಕೊಳ್ಳುತ್ತಿದೆ ಎನಿಸಿತು. ಹೆದರಿದೆ, ಸುಳ್ಳೇಕೆ ಹೇಳಲಿ? ಆದರೂ ಅವಳನ್ನು ಮತ್ತೆ ಮುಳುಗಿಸಲು ಮನಸ್ಸು ಒಪ್ಪಲಿಲ್ಲ. ಎರಡನ್ನೂ ನಿಲ್ಲಿಸೋಣವೆಂದು ಹಟ ಹಿಡಿದೆ.

ಸಂಕಲ್ಪದ ಹೊತ್ತಿಗೆ ಅರ್ಚಕರು ಹಳೆಯ ಕಲ್ಲನ್ನು ತೋರಿಸಿ, "ಇದು ಯಾರ ಹೆಸರಿಗಮ್ಮ?" ಎಂದರು. ಹೆಸರು ಯಾರಿಗೆ ಗೊತ್ತು? ಅವಳು ಎಲ್ಲಿದ್ದರೂ ತಣ್ಣಗಿರಲಿ ಎಂದು ಕಣ್ಣು ಮುಚ್ಚಿದೆ. ಅಷ್ಟು ವರ್ಷಗಳಲ್ಲಿ ನನಗೆಂದು ಏನೂ ಕೇಳದೆ ಮಾಡಿದ ಮೊದಲ ಪ್ರಾರ್ಥನೆ ಅದು. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂದು ಅನಿಸಿದ್ದೂ ಅಂದೇ ಮೊದಲು.

ಮಗುವಾಗಲಿಲ್ಲ. ಕಥೆ ಅಲ್ಲಿಗೆ ಹೋಗಿ ನಿಲ್ಲುತ್ತದೆಂದು ನೀವು ಕಾದಿದ್ದರೆ ಕ್ಷಮಿಸಿ, ನಾನೂ ಕಾದಿದ್ದೆ. ಮರುವರ್ಷದ ನಾಗರಪಂಚಮಿಗೆ ದೇವರ ಮೇಲೆ ಮುನಿಸಿಕೊಂಡೇ ಹಾಲಿನ ಚೊಂಬು ಹಿಡಿದು, ಊರು ಏಳುವ ಮೊದಲೇ ಅತ್ತೆಯೊಡನೆ ಬಾವಿಯ ಪಕ್ಕದ ಅರಳಿಕಟ್ಟೆಗೆ ಹೋದೆ. ಸಾಲುಗಲ್ಲುಗಳೆಲ್ಲ ಒಣಗಿ ಬೋಳಾಗಿದ್ದವು. ಬಾವಿಯಿಂದ ಸಿಕ್ಕಿದ ಕಲ್ಲಿಗೆ ಮಾತ್ರ ಯಾರೋ ಅರಿಸಿನ ಬಳಿದಿದ್ದರು, ಇನ್ನೂ ಹಸಿಹಸಿ. ಬಾವಿಯ ಮೆಟ್ಟಿಲಿನಿಂದ ಕಟ್ಟೆಯವರೆಗೆ ಒದ್ದೆ ಹೆಜ್ಜೆಗಳಿದ್ದವು. ಮರಳಿ ಹೋದ ಹೆಜ್ಜೆಗಳಿರಲಿಲ್ಲ.

"ಹೆಂಗೆ ಬಂದ್ಳು ಕಣಮ್ಮ ಇವ್ಳು?" ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

ನಾನು ಹಾಲೆರೆಯಲು ಅದರ ಪಕ್ಕದ ನಮ್ಮ ಕಲ್ಲಿನ ಮೇಲೆ ಬಾಗಿದೆ. ಅದರ ಹಿಂಬದಿಗೆ, ಯಾರ ಕಣ್ಣಿಗೂ ಬೀಳದಂತೆ, ಅದೇ ಅರಿಸಿನ ಹಚ್ಚಿತ್ತು. ನನ್ನ ಹೆಸರು ಗೊತ್ತಿಲ್ಲದ ಒಬ್ಬಳು ನನಗಾಗಿ ಬೇಡಿಕೊಂಡಿದ್ದಳು.