ಏಳು ಗಂಟೆಯ ಮೇಲೆ

ಅಮೆರಿಕದ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸತ್ಯವತಮ್ಮನವರಷ್ಟು ಮರ್ಯಾದಸ್ಥರನ್ನು ನಾನು ಕಂಡಿಲ್ಲ. ಆ ಮರ್ಯಾದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪಕ್ಕದ ಮನೆಯ ಬಾಗಿಲು ತಟ್ಟಿದರೂ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಊಟದ ಹೊತ್ತಿಗೆ ಯಾರ ಮನೆಗೂ ಹೋದವರಲ್ಲ, ಮಧ್ಯಾಹ್ನ ಮಲಗುವ ಹೊತ್ತಿಗೆ ಯಾರಿಗೂ ಫೋನ್ ಮಾಡಿದವರಲ್ಲ. ಮೈಸೂರಿನಲ್ಲಿ ದೊಡ್ಡ ಸಂಸಾರದ ನಡುವೆ ಬೆಳೆದ ಹೆಂಗಸು. ಇನ್ನೊಬ್ಬರ ಹೊತ್ತು ಕೆಡಿಸುವುದನ್ನು ಕಳ್ಳತನದಷ್ಟೇ ಕೆಟ್ಟದ್ದೆಂದು ತಿಳಿದಿದ್ದರು.

ನಾನೂ ನನ್ನ ಗಂಡ ಜಯರಾಮನೂ ಆಫೀಸಿಗೆ ಹೋಗುವವರು. ಡೇಕೇರಿನಲ್ಲಿ ಗಂಟಲು ಹರಿಯುವಂತೆ ಅಳುತ್ತಿದ್ದ ನಮ್ಮ ಕುಶಲ್, ಸತ್ಯವತಮ್ಮನವರ ಮನೆಯಲ್ಲಿ ಮೊಸರನ್ನ ತಿಂದು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದ. ಅವರ ಯಜಮಾನರು ದ್ವಾರಕಾನಾಥರು ಚಿಪ್ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರಾಗಿದ್ದು ಆಗಷ್ಟೇ ಕೆಲಸ ಬಿಟ್ಟಿದ್ದರು. ಮಾತು ಕಡಿಮೆ, ಕೆಲಸಕ್ಕೆ ಕೊಡುವ ಗೌರವ ಮಾತ್ರ ವಿಪರೀತ. ಒಬ್ಬಳೇ ಮಗಳು ಇಂಚರಾ. ಎಂಟು ವರ್ಷದವಳಿದ್ದಾಗ ಬಂದು ಇಲ್ಲೇ ಓದಿ ಬೆಳೆದವಳು.

ನಾನು ಹೇಳುತ್ತಿರುವುದು ತೊಂಬತ್ತೊಂಬತ್ತನೇ ಇಸವಿಯ ಮಾತು. ಆಗ ಯಾರನ್ನು ಮಾತಾಡಿಸಿದರೂ ಡಾಟ್ ಕಾಮ್. ಇಂಚರಾ ಕೂಡ ಪಾಲೋ ಆಲ್ಟೋದ ಒಂದು ಹೊಸ ಕಂಪನಿಗೆ ಸೇರಿದ್ದಳು. ಆ ಕಂಪನಿ ಏನು ಮಾರುತ್ತದೆ ಎಂದು ಕೇಳಿದರೆ ಅವಳೂ ಒಂದೇ ಉತ್ತರವನ್ನು ಎರಡು ಸಲ ಹೇಳುತ್ತಿರಲಿಲ್ಲ. ಗೆಳತಿಯರ ಜೊತೆ ಅಲ್ಲೇ ಮನೆ ಮಾಡಿಕೊಂಡು, ಸೊಂಟಕ್ಕೊಂದು ಪೇಜರ್ ಸಿಕ್ಕಿಸಿಕೊಂಡು, ಹೊತ್ತುಗೊತ್ತಿಲ್ಲದೆ ದುಡಿಯುತ್ತಿದ್ದಳು.

ಆ ಪೇಜರು ಸತ್ಯವತಮ್ಮನವರ ಪಾಲಿಗೆ ಮಗಳೇ ಆಗಿಹೋಯಿತು. ಒಂದು ನಂಬರಿಗೆ ಫೋನ್ ಮಾಡಿದರೆ ಯಾರೋ ಆಪರೇಟರ್ ಹೆಂಗಸು ಎತ್ತುತ್ತಿದ್ದಳು. ಅವಳಿಗೆ ಹೇಳಿದ್ದನ್ನು ಅವಳು ಟೈಪ್ ಮಾಡಿದರೆ, ಅದು ಇಂಚರಾಳ ಸೊಂಟದ ಮೇಲೆ ಗುಂಯ್‌ಗುಟ್ಟಿ ಮೂಡುತ್ತಿತ್ತು. ಮಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು ಸತ್ಯವತಮ್ಮನವರಿಗೆ ಆಗದ ಮಾತು. ಹಾಗಾಗಿ 'ಊಟ ಆಯ್ತಾ' ಎಂಬುದನ್ನು ಒಂದೊಂದೇ ಇಂಗ್ಲಿಷ್ ಅಕ್ಷರ ಮಾಡಿ ಬರೆಸುತ್ತಿದ್ದರು. ಓ, ಓ, ಟಿ, ಎ... ಆ ಅಮೆರಿಕನ್ ಹೆಂಗಸರಿಗೂ ಅಭ್ಯಾಸವಾಗಿ ಹೋಗಿ, ಇವರು ಹಲೋ ಅನ್ನುವಷ್ಟರಲ್ಲಿ "ಊಟಾ?" ಎಂದು ಕೇಳುತ್ತಿದ್ದರಂತೆ. ನಾವು ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದೆವು.

ಇಂಚರಾಳಿಗೆ ಮಾತ್ರ ನಗು ಬರಲಿಲ್ಲ. ಒಂದು ದಿನ ಕಂಪನಿಗೆ ದುಡ್ಡು ಹಾಕುವವರ ಮುಂದೆ ಮೀಟಿಂಗು ನಡೆಯುತ್ತಿದ್ದಾಗ ಮೇಜಿನ ಮೇಲಿಟ್ಟಿದ್ದ ಪೇಜರು ಕುಣಿಯಿತಂತೆ. ಪಕ್ಕದಲ್ಲಿದ್ದವನು ಎತ್ತಿ, 'ಹೀರೇಕಾಯಿ ಬಜ್ಜಿ ಮಾಡಿದೀನಿ ಬಾ' ಎಂಬ ಸಂದೇಶವನ್ನು ತಪ್ಪುತಪ್ಪಾಗಿ ಎಲ್ಲರಿಗೂ ಓದಿ ಹೇಳಿದನಂತೆ. ಆ ಸಂಜೆ ಅವಳು ಮನೆಗೆ ಬಂದು ಕೂಗಾಡಿದ್ದು ನಮ್ಮ ಗೋಡೆಗೂ ಕೇಳಿಸಿತು.

"ಅಮ್ಮಾ, ದಿಸ್ ಈಸ್ ಮೈ ಜಾಬ್! ಯೂ ಕಾಂಟ್ ಪೇಜ್ ಮೀ ಎನಿಟೈಮ್!"

ದ್ವಾರಕಾನಾಥರು ಮಗಳ ಕಡೆಗೇ ನಿಂತರು. ಆಫೀಸಿಗೆ ಆಫೀಸಿನ ಮರ್ಯಾದೆ ಇರುತ್ತದೆ, ಇನ್ನು ಮೇಲೆ ಅವಳು ಹೇಳಿದಂತೆ ಸಂಜೆ ಏಳರ ಮೇಲಷ್ಟೇ ಪೇಜ್ ಮಾಡತಕ್ಕದ್ದು ಎಂದು ತೀರ್ಪು ಕೊಟ್ಟರು. ನಿಜವಾದ ಅರ್ಜೆಂಟು ಬಂದರೆ ಕೊನೆಗೆ ಇಲ್ಲಿನ ತುರ್ತು ನಂಬರು 911 ಎಂದು ಸೇರಿಸಲಿ, ಅದನ್ನು ಕಂಡರೆ ಎಲ್ಲಿದ್ದರೂ ಎದ್ದು ಬರುತ್ತೇನೆ ಎಂದು ಇಂಚರಾ ಒಪ್ಪಿಕೊಂಡಳು. ಮಾರನೆಯ ದಿನದಿಂದ ಸತ್ಯವತಮ್ಮ ಅಡುಗೆಮನೆಯ ಗಡಿಯಾರ ಏಳು ಹೊಡೆದ ಮೇಲೆ ಕೈ ಒರೆಸಿಕೊಂಡು ಫೋನಿನ ಹತ್ತಿರ ಹೋಗುತ್ತಿದ್ದರು. ಅದಕ್ಕೆ ಮೊದಲು ಒಂದು ದಿನವೂ ಹೋಗಲಿಲ್ಲ. ನಾನು ತಮಾಷೆಗೆ, "ಆಂಟಿ, ನೀವು ಮಗಳಿಗೆ ಫೋನ್ ಮಾಡೋದೋ, ರಾಹುಕಾಲ ನೋಡೋದೋ?" ಎಂದು ಕೇಳಿದರೆ, "ಮಕ್ಕಳಿಗೂ ಅವರದು ಅಂತ ಒಂದು ಹೊತ್ತು ಇರುತ್ತಲ್ಲ ಹೇಮಾ" ಎನ್ನುತ್ತಿದ್ದರು.

ಅಕ್ಟೋಬರಿನ ಒಂದು ಬೆಳಗ್ಗೆ ದ್ವಾರಕಾನಾಥರಿಗೆ ಎದೆ ಹಿಡಿದುಕೊಂಡಿತು. ನಾನು ಕೆಲಸದ ಮೇಲೆ ಆಗಲೇ ದೂರದ ವಾಲ್ನಟ್ ಕ್ರೀಕ್‌ಗೆ ಹೊರಟುಹೋಗಿದ್ದೆ. ಜಯರಾಮ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು, ಕುಶಲ್‌ನನ್ನೂ ಹಿಂದೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ಡಾಕ್ಟರು ನೋಡಿ, ಔಷಧಿ ಕೊಟ್ಟು, ಸದ್ಯಕ್ಕೆ ಸ್ಟೇಬಲ್ ಆಗಿದ್ದಾರೆ ಎಂದರಂತೆ. ಜಯರಾಮ, "ಇಂಚರಾಗೆ ತಿಳಿಸೋಣ್ವಾ ಅಂಕಲ್?" ಎಂದು ಕೇಳಿದ್ದಾನೆ. ಅವರು ಮಲಗಿದ್ದಲ್ಲಿಂದಲೇ ಕೈ ಆಡಿಸಿಬಿಟ್ಟರಂತೆ.

"ಇವತ್ತು ಅವಳದು ದೊಡ್ಡ ಡೆಮೋ ಕಣಪ್ಪ. ಎರಡು ತಿಂಗಳಿಂದ ನಿದ್ದೆಗೆಟ್ಟಿದಾಳೆ. ಸ್ಟೇಬಲ್ ಅಂದ್ರಲ್ಲ, ಏಳು ಗಂಟೆ ಮೇಲೆ ಹೇಳಿದ್ರಾಯ್ತು."

ಸತ್ಯವತಮ್ಮ ತಲೆಯಾಡಿಸಿದರಂತೆ. ಸ್ಟೇಬಲ್ ಅಂದ ಮೇಲೆ ಅದು 911 ಹೇಗಾದೀತು? ಮಗು ಹಟ ಮಾಡತೊಡಗಿದ್ದರಿಂದ ಜಯರಾಮ ಮನೆಗೆ ಬಂದ. ಪಾಲೋ ಆಲ್ಟೋದಿಂದ ಆ ಆಸ್ಪತ್ರೆಗೆ ಫ್ರೀವೇನಲ್ಲಿ ಇಪ್ಪತ್ತು ನಿಮಿಷದ ದಾರಿ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ದ್ವಾರಕಾನಾಥರಿಗೆ ಎಚ್ಚರವಿತ್ತು, ಮಾತಿತ್ತು. ಮಗಳ ಡೆಮೋ ಶುರುವಾಗಿರಬೇಕು, ಈಗ ಮುಗಿದಿರಬೇಕು ಎಂದು ಹೆಂಡತಿಯ ಹತ್ತಿರ ಹೇಳಿಕೊಳ್ಳುತ್ತಿದ್ದರಂತೆ. ನರ್ಸು ಎರಡು ಸಲ ಬಂದು, ಮನೆಯವರಿಗೆ ಯಾರಿಗಾದರೂ ಫೋನ್ ಮಾಡಬೇಕೇ ಎಂದು ಕೇಳಿದ್ದಾಳೆ. ಎರಡು ಸಲವೂ ಸತ್ಯವತಮ್ಮ ಥ್ಯಾಂಕ್ಸ್ ಹೇಳಿ, ಸಂಜೆ ಮಾಡುತ್ತೇನೆ ಎಂದಿದ್ದಾರೆ. ಮೂರು ಗಂಟೆಯ ಸುಮಾರಿಗೆ ಇದ್ದಕ್ಕಿದ್ದಂತೆ ಮತ್ತೊಂದು ಸಲ ಎದೆ ಹಿಡಿಯಿತು. ಡಾಕ್ಟರುಗಳು ಓಡಿ ಬಂದರು. ದ್ವಾರಕಾನಾಥರು ಉಳಿಯಲಿಲ್ಲ.

ನಾನು ಸುದ್ದಿ ಕೇಳಿ ಆಸ್ಪತ್ರೆಗೆ ಬಂದು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಸತ್ಯವತಮ್ಮ ಯಜಮಾನರ ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ಕೂತಿದ್ದರು. ಅಳುತ್ತಿರಲಿಲ್ಲ. ನಾನು ಮೊದಲು ಕೇಳಿದ್ದೇ, "ಇಂಚರಾ ಎಲ್ಲಿ?"

"ಅವಳಿಗೆ ಇನ್ನೂ ಹೇಳಿಲ್ಲ ಹೇಮಾ."

ನನ್ನ ಸಿಟ್ಟು ನೆತ್ತಿಗೇರಿತು. "ಆಂಟಿ, ಏನು ಮಾತು ಇದು! ನಂಬರ್ ಕೊಡಿ, ಈಗಲೇ ಮಾಡ್ತೀನಿ" ಎಂದು ರೇಗಿದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಬೇಡ. ಅವಳು ಬೆಳಗ್ಗೆಯಿಂದ ಏನೂ ತಿಂದಿರಲ್ಲ. ಕೆಲಸ ಇದ್ದ ದಿನ ತಿನ್ನೋಳೇ ಅಲ್ಲ. ಈ ಸುದ್ದಿ ಕೇಳಿದ ಮೇಲೆ ಗಂಟಲಲ್ಲಿ ತುತ್ತು ಇಳಿಯುತ್ತಾ? ಆಮೇಲೆ ದಹನ ಆಗೋವರೆಗೂ ಊಟ ಎಲ್ಲಿಂದ ಬರುತ್ತೆ? ಈ ದೇಶದಲ್ಲಿ ಅದಕ್ಕೆಷ್ಟು ದಿನ ಆಗುತ್ತೋ. ಅವರಂತೂ ಹೋದರು. ಮಗು ಒಂದು ಹಿಡಿ ತಿಂದುಕೊಳ್ಳಲಿ."

ಸಾವಿನ ಸುದ್ದಿಯನ್ನು ಹಸಿದವರ ಕಿವಿಗೆ ಹಾಕಬಾರದು ಎಂಬುದು ನಮ್ಮ ಹಾಸನದ ಕಡೆಯೂ ಇದ್ದದ್ದೇ. ನನ್ನ ಅಜ್ಜಿ ತೀರಿಕೊಂಡಾಗ ನನಗೂ ಮೊದಲು ಎರಡು ದೋಸೆ ತಿನ್ನಿಸಿ ಆಮೇಲೆ ಹೇಳಿದ್ದರು. ಹಾಗಾಗಿ ನಾನು ಮತ್ತೆ ನಂಬರ್ ಕೇಳಲಿಲ್ಲ. ಆಸ್ಪತ್ರೆಯ ಗೋಡೆಯಲ್ಲಿದ್ದ ಫೋನಿನ ಮುಂದೆ ಅವರು ಏಳಾಗುವುದನ್ನೇ ಕಾದು ನಿಂತರು. ಏಳಾದ ಮೇಲೆ ಆಪರೇಟರಿಗೆ ಒಂದೊಂದೇ ಅಕ್ಷರ ಹೇಳಿ, ಎಂದಿನಂತೆ, ಮಗಳಿಗೆ ಊಟ ಆಯ್ತಾ ಎಂದು ಕೇಳಿಸಿದರು. ಅವರ ದನಿ ಒಂದಿಷ್ಟೂ ನಡುಗಲಿಲ್ಲ. ನಾನು ಮುಖ ತಿರುಗಿಸಿಕೊಂಡು ಅತ್ತೆ.

ಕಾಗದಪತ್ರ ಮುಗಿಸಿ ಅವರನ್ನು ಮನೆಗೆ ಕರೆದುಕೊಂಡು ಬಂದಾಗ ಆನ್ಸರಿಂಗ್ ಮೆಷಿನ್ನಿನ ಕೆಂಪು ದೀಪ ಮಿನುಗುತ್ತಿತ್ತು. ಗುಂಡಿ ಒತ್ತಿದೆ. ಹಿಂದೆ ಯಾರೋ ಕೇಕೆ ಹಾಕುತ್ತಿದ್ದರು, ಗ್ಲಾಸುಗಳ ಸದ್ದು.

"ಅಮ್ಮಾ, ಊಟ ಆಯ್ತು, ಹೊಟ್ಟೆ ತುಂಬಾ ಆಯ್ತು! ಡೆಮೋ ವಾಸ್ ಆಸಮ್! ಟೆಲ್ ಅಪ್ಪಾ ಫಸ್ಟ್, ಓಕೆ? ಅಪ್ಪಂಗೇ ಫಸ್ಟ್ ಹೇಳು!"

ಸತ್ಯವತಮ್ಮ "ಆಯ್ತಂತೆ" ಎಂದರು. ಆಮೇಲೆ ಮತ್ತೆ ಆಪರೇಟರಿಗೆ ಫೋನ್ ಮಾಡಿ, ಮನೆಗೆ ಬಾ ಎಂದು ಬರೆಸಿ, ಜೀವನದಲ್ಲಿ ಮೊದಲ ಸಲ ಕೊನೆಗೆ ಆ ಮೂರು ಅಂಕಿ ಸೇರಿಸಿದರು. ರಿಸೀವರ್ ಇಟ್ಟಮೇಲೆ ನೆಲದ ಮೇಲೆ ಕುಸಿದರು. ಅವರು ಅತ್ತದ್ದು ಆಗಲೇ.

ಇಂಚರಾ ಓಡಿ ಬಂದಳು. ಸುದ್ದಿ ಕೇಳಿದವಳೇ ಅಮ್ಮನ ಭುಜ ಹಿಡಿದು ಅಲ್ಲಾಡಿಸಿದಳು. "ವೆನ್? ಯಾವಾಗ? ಬೆಳಗ್ಗೆಯಿಂದ ಆಸ್ಪತ್ರೆಲಿದ್ರಾ? ಯಾಕಮ್ಮ ಹೇಳ್ಲಿಲ್ಲ? ಐ ವಾಸ್ ರೈಟ್ ದೇರ್! ಯಾಕೆ ಹೇಳ್ಲಿಲ್ಲ?"

"ನೀನೇ ಹೇಳಿದ್ದೆಯಲ್ಲ ಪುಟ್ಟಾ, ಏಳು ಗಂಟೆ ಮೇಲೆ ಅಂತ."

ಅದರಲ್ಲಿ ಚುಚ್ಚುಮಾತು ಲವಲೇಶವೂ ಇರಲಿಲ್ಲ. ಒಪ್ಪಿಸಿದ ಕೆಲಸವನ್ನು ಸರಿಯಾಗಿ ಮಾಡಿದವರು ವರದಿ ಒಪ್ಪಿಸಿದಂತಿತ್ತು. ಚುಚ್ಚಿದ್ದರೆ ಆ ಹುಡುಗಿ ಜಗಳವಾಡಿಯಾದರೂ ಉಳಿದುಕೊಳ್ಳುತ್ತಿದ್ದಳು. ಅವಳು ಅಪ್ಪನ ಕುರ್ಚಿಯ ಕಾಲ ಬುಡದಲ್ಲಿ ಕೂತು, ತಿಂದದ್ದನ್ನೆಲ್ಲ ಕಾರಿಕೊಂಡಳು.

ಮರುವರ್ಷ ಎಲ್ಲರ ಕಂಪನಿಗಳ ಹಾಗೆ ಅವಳದ್ದೂ ಮುಚ್ಚಿತು. ಅವಳು ಅಮ್ಮನ ಮನೆಗೇ ವಾಪಸು ಬಂದು ಬೇರೆ ಕೆಲಸ ಹಿಡಿದಳು. ಪೇಜರ್ ಎಸೆದು ಇಬ್ಬರಿಗೂ ಸೆಲ್‌ಫೋನ್ ತಂದಳು. ಯಾವ ಹೊತ್ತಿಗಾದರೂ ಮಾಡು, ಮೀಟಿಂಗಿದ್ದರೂ ಮಾಡು, ಮಲಗಿದ್ದರೂ ಮಾಡು ಎಂದು ಅಮ್ಮನ ಕೈ ಹಿಡಿದು ಬೇಡಿಕೊಂಡಳು. ಸತ್ಯವತಮ್ಮ ಆಗಲಿ ಎಂದರು. ಮಾಡುತ್ತಲೂ ಇದ್ದರು. ಆದರೆ ಹಲೋ ಅಂದೊಡನೆ ಅವರ ಮೊದಲ ಮಾತು, "ಈಗ ಮಾತಾಡಬಹುದಾ ಪುಟ್ಟಾ?"

ಎಷ್ಟು ಹೇಳಿದರೂ ಅದು ಹೋಗಲಿಲ್ಲ. ಒಂದು ಭಾನುವಾರ ಇಂಚರಾ ನಮ್ಮ ಮನೆಯಲ್ಲಿ ಕುಶಲ್ ಜೊತೆ ಆಟವಾಡುತ್ತಿದ್ದಳು. ಪಕ್ಕದ ಮನೆಯಿಂದಲೇ ಅವರು ಫೋನ್ ಮಾಡಿ, ಅದೇ ಪ್ರಶ್ನೆ ಕೇಳಿದರು. ಅವತ್ತು ಇಂಚರಾಳಿಗೆ ತಡೆಯಲಾಗಲಿಲ್ಲ. ಮಾತಾಡು ಅನ್ನುವುದಕ್ಕೂ ಆಗದೆ ಬಿಕ್ಕಿಬಿಕ್ಕಿ ಅಳತೊಡಗಿದಳು. ಫೋನಿನಿಂದ ಸತ್ಯವತಮ್ಮನವರ ಗಾಬರಿಯ ದನಿ ನನಗೂ ಕೇಳಿಸಿತು.

"ಅಯ್ಯೋ, ಹೊತ್ತಲ್ಲದ ಹೊತ್ತಿಗೆ ಮಾಡಿಬಿಟ್ಟೆನೇನೋ. ತಪ್ಪಾಯ್ತು ಪುಟ್ಟಾ. ಸಂಜೆ ಮಾಡ್ತೀನಿ, ಏಳು ಗಂಟೆ ಮೇಲೆ."

ಅವಳು ಅಮ್ಮಾ ಎಂದು ಕೂಗುವಷ್ಟರಲ್ಲಿ ಅವರು ಫೋನ್ ಇಟ್ಟುಬಿಟ್ಟಿದ್ದರು.