ಉಸ್ತೀನ್ಯಾ ಕಟ್ಟಿದ ಹುಸಿಹುಳ

ಬೈಕಾಲ್ ಸರೋವರದ ನಮ್ಮ ದಂಡೆಯಲ್ಲಿ ಯಾರನ್ನೇ ಕೇಳಿ, ಮಂಜುಗಡ್ಡೆಗೆ ತೂತು ಕೊರೆದು ಓಮುಲ್ ಮೀನು ಎತ್ತುವುದರಲ್ಲಿ ಎರ್ಮಿಲನನ್ನು ಮೀರಿಸಿದವರಿಲ್ಲ ಎನ್ನುತ್ತಾರೆ. ಅವನ ಗಾಳದ ಹುಸಿಹುಳ ಕಂಡರೆ ಹೊಟ್ಟೆ ತುಂಬಿದ ಮೀನೂ ಬಾಯಿ ತೆರೆಯುತ್ತಿತ್ತಂತೆ. ಹೀಗೆ ಹೇಳುವ ಗಂಡಸರೆಲ್ಲ ಅವನ ಹೆಂಡತಿ ಉಸ್ತೀನ್ಯಾಳ ಅಡಿಗೆಮನೆಯಲ್ಲಿ ಕೂತು ಚಹಾ ಕುಡಿದವರೇ. ಕಿಟಕಿಯ ಕಟ್ಟೆಯ ಮೇಲೆ ದಾರ, ಕತ್ತರಿ, ನಾಯಿಯ ಕೂದಲು ಬಿದ್ದಿರುವುದನ್ನು ಕಣ್ಣಾರೆ ಕಂಡವರೇ. ಕಂಡರೂ ಕಾಣಲಿಲ್ಲ. ಕಾಣುವ ಮನಸ್ಸಿರಲಿಲ್ಲ, ಅಷ್ಟೆ.

ಉಸ್ತೀನ್ಯಾ ಹತ್ತೊಂಬತ್ತರ ವಯಸ್ಸಿಗೆ ಬೆಟ್ಟದಾಚೆಯ ಊರಿನಿಂದ ಮದುವೆಯಾಗಿ ಬಂದಳು. ಬಂದ ವಾರವೇ ಅತ್ತೆ ಅವಳ ಕೈಗೆ ಕೊಟ್ಟದ್ದು ಬೀಗದ ಕೈಯಲ್ಲ, ಹುಳದ ಪೆಟ್ಟಿಗೆ. ನಮ್ಮಲ್ಲಿ ಓಮುಲ್‌ಗೆ ಹಾಕುವ ಮೇವು ಬೋರ್ಮಶ್. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಬೆನ್ನು ಬಾಗಿದ ಸೀಗಡಿಮರಿಯ ಹಾಗಿರುತ್ತದೆ. ಗುಡ್ಡದ ಹಿಂದಿನ ಕೆರೆಯ ಮಂಜುಗಡ್ಡೆ ಒಡೆದು, ಉದ್ದ ಕೋಲಿಗೆ ಕಟ್ಟಿದ ಬಲೆಯನ್ನು ಗಡ್ಡೆಯ ಅಡಿಮೈಗೆ ಉಜ್ಜಿ ಉಜ್ಜಿ ಅದನ್ನು ಬಾಚಬೇಕು. ಹಿಡಿಯುವುದು ಕಷ್ಟವಲ್ಲ, ಜೀವಂತ ಇಡುವುದು ಕಷ್ಟ. ಹೊರಗಿಟ್ಟರೆ ಹೆಪ್ಪುಗಟ್ಟಿ ಸಾಯುತ್ತವೆ, ಒಲೆಯ ಹತ್ತಿರ ಇಟ್ಟರೆ ಬೆವರಿ ಸಾಯುತ್ತವೆ. ಬಾಗಿಲಿನಾಚೆಯ ತಣ್ಣನೆಯ ಕೋಣೆಯಲ್ಲಿ, ಪೈನ್ ಹಲಗೆಯ ಪೆಟ್ಟಿಗೆಯಲ್ಲಿ, ಒದ್ದೆ ಗೋಣಿತಾಟಿನ ಕೆಳಗೆ ಇಟ್ಟು ಅವಳು ದಿನಾ ಬೆಳಿಗ್ಗೆ ಮಣಿಕಟ್ಟು ಒಳಗಿಳಿಸಿ ತಂಪು ನೋಡುತ್ತಿದ್ದಳು. ಸತ್ತವನ್ನು ಒಂದೊಂದಾಗಿ ಹೆಕ್ಕಿ ಎಸೆಯುತ್ತಿದ್ದಳು. ಸತ್ತ ಹುಳ ನೀರಿಗೆ ಬಿದ್ದರೆ ಆ ತೂತಿನ ಕಡೆ ಮೀನು ತಲೆ ಹಾಕುವುದಿಲ್ಲ. ಉಸ್ತೀನ್ಯಾಳ ಪೆಟ್ಟಿಗೆಯಲ್ಲಿ ಸತ್ತದ್ದು ಸಿಕ್ಕಿತೆಂದು ಯಾರೂ ಯಾವತ್ತೂ ಹೇಳಿದ್ದಿಲ್ಲ.

ಮೇವು ಚೆಲ್ಲಿದರೆ ಮೀನು ಹಿಂಡಾಗಿ ಬರುತ್ತದೆ, ನಿಜ. ಆದರೆ ಅವುಗಳ ನಡುವೆ ಇಳಿಬಿಟ್ಟ ಗಾಳಕ್ಕೆ ಬಾಯಿ ಹಾಕಬೇಕಾದರೆ ಗಾಳವೂ ಬೋರ್ಮಶ್‌ನಂತೆಯೇ ಕಾಣಬೇಕು. ಅದಕ್ಕೇ ಹುಸಿಹುಳ. ಎರ್ಮಿಲ್ ಕಟ್ಟುತ್ತಿದ್ದ ಹುಸಿಹುಳ ಉಣ್ಣೆಯ ಗಂಟಿನ ಹಾಗಿರುತ್ತಿತ್ತು. ಅದನ್ನು ನೋಡಿದ ಮೀನು ನಕ್ಕು ಹೋಗುತ್ತಿದ್ದಿರಬೇಕು. ಮದುವೆಯಾದ ಎರಡನೆಯ ಚಳಿಗಾಲ ಅವನು ಒಂಬತ್ತು ದಿನ ಬರಿಗೈಯಲ್ಲಿ ಬಂದ. ಹತ್ತನೆಯ ದಿನ ಉಸ್ತೀನ್ಯಾ ತನ್ನ ಮದುವೆಯ ಶಾಲಿನ ಕುಚ್ಚಿನಿಂದ ಒಂದೆಳೆ ಕಿತ್ತಳೆ ದಾರ ಬಿಡಿಸಿಕೊಂಡಳು. ನಾಯಿಯ ಒಳಗೂದಲು ಸೇರಿಸಿ ಗಾಳಕ್ಕೆ ಸುತ್ತಿದಳು. ಸಾವಿರಾರು ಹುಳಗಳನ್ನು ದಿನಾ ಬೆರಳಲ್ಲಿ ಮುಟ್ಟಿದವಳು ಅವಳು. ಬೆನ್ನು ಎಲ್ಲಿ ಬಾಗಬೇಕು, ಕಾಲು ಎಲ್ಲಿ ಕೆದರಬೇಕು ಎನ್ನುವುದು ಬೆರಳಿಗೇ ಗೊತ್ತಿತ್ತು.

ಮರುದಿನ ಎರ್ಮಿಲ್ ಜಾರುಬಂಡಿ ತುಂಬ ಮೀನು ಎಳೆದುಕೊಂಡು ಬಂದ. ಗಡ್ಡೆಯ ಮೇಲೆ ಗಂಡಸರು ಕೂರುವ ಗುಡಾರದಲ್ಲಿ ಎಲ್ಲರೂ ಕೇಳಿದರಂತೆ, ಇದನ್ನು ಕಟ್ಟಿದವರು ಯಾರು ಎಂದು. "ನಾನೇ ಅಂದುಬಿಟ್ಟೆ ಕಣೇ" ಎಂದು ನಗುತ್ತ ಹೇಳಿದ. ಅವಳೂ ನಕ್ಕಳು. ಗಂಡನಿಗೆ ನಾಲ್ಕು ಜನರ ಎದುರು ಹೆಸರು ಬಂದರೆ ಯಾವ ಹೊಸ ಹೆಂಡತಿ ನಗುವುದಿಲ್ಲ? ಆದರೆ ಅವತ್ತು ನಕ್ಕದ್ದೇ ಅವಳ ತಪ್ಪಾಯಿತು. ಮೂವತ್ತೆರಡು ವರ್ಷ ಅವಳು ಕಟ್ಟಿದಳು, ಅವನು ಹಂಚಿದ. ಇಡೀ ಕೊಲ್ಲಿ ಅದನ್ನು ಎರ್ಮಿಲನ ಹುಸಿಹುಳ ಎಂದು ಕರೆಯಿತು. ಶಾಲಿನ ಕುಚ್ಚು ಒಂದು ಕಡೆಯಿಂದ ಕರಗುತ್ತಾ ಬಂತು.

ಮೀನು ಬರುವುದನ್ನು ಅವಳು ನೋಡಿಯೇ ಇರಲಿಲ್ಲ. ಹೆಂಗಸು ತೂತಿನ ಹತ್ತಿರ ಬಂದರೆ ಓಮುಲ್ ಕೊಲ್ಲಿಯನ್ನೇ ಬಿಟ್ಟುಹೋಗುತ್ತದೆ ಎಂಬುದು ನಮ್ಮ ಗಂಡಸರ ನಂಬಿಕೆ. ಮನೆಯಲ್ಲಿ ಹೆಂಗಸಿಲ್ಲದೆ ಒಂದು ಹೊತ್ತು ಕಳೆಯಲಾಗದವರ ನಂಬಿಕೆ! ಅವಳು ದಂಡೆಯ ಬಂಡೆಯ ತನಕ ಪೆಟ್ಟಿಗೆ ಹೊತ್ತು ತಂದು ಕೊಟ್ಟು, ದೂರದ ಗುಡಾರಗಳನ್ನು ನೋಡಿ ಮನೆಗೆ ಹೋಗಬೇಕು. ತನ್ನ ದಾರಕ್ಕೆ ಮೀನು ಬಾಯಿ ಹಾಕುವುದನ್ನು ಒಂದು ಸಲ ನೋಡಬೇಕು ಎಂದು ಆಸೆಪಟ್ಟು ಎರ್ಮಿಲನನ್ನು ಕೇಳಿದ್ದಳು. "ನೀನು ಬಂದು ಏನ್ ಮಾಡ್ತೀಯೇ? ಚಳಿ" ಎಂದಿದ್ದ. ಗುಡ್ಡದಾಚೆಯ ಕೆರೆಯಲ್ಲಿ ಮೊಣಕೈ ತನಕ ಕೈಯನ್ನು ನೀರಲ್ಲಿ ಅದ್ದುವವಳಿಗೆ ಚಳಿಯ ಪಾಠ.

ಹೀಗಿರುವಾಗ ಒಂದು ವಸಂತದಲ್ಲಿ ಗಡ್ಡೆ ಬಿರುಕುಬಿಟ್ಟು ಎರ್ಮಿಲ್ ತೊಡೆಯ ತನಕ ನೀರಿಗೆ ಬಿದ್ದ. ಆಸ್ಪತ್ರೆಯಲ್ಲಿ ಎರಡೂ ಪಾದಗಳ ಬೆರಳು ತೆಗೆದರು. ಆ ವರ್ಷದ ಚಳಿಗಾಲ ನಾಲ್ವರ ಗುಡಾರದಲ್ಲಿ ಒಂದು ಜಾಗ ಖಾಲಿ. ಗಡ್ಡೆ ಗಟ್ಟಿಯಾದ ಮೇಲೆ ಗುಡಾರದ ಹಿರಿಯ ಸವ್ವಾ ಹುಳ ಕೇಳಿಕೊಂಡು ಬಂದ, ಜೊತೆಗೆ ಬುರ್ಯಾತ್ ಜನದ ದಾಂಬಾ. ಎರ್ಮಿಲ್ ಒಲೆಯ ಪಕ್ಕದ ಹಾಸಿಗೆಯಲ್ಲಿ ಒರಗಿ ಕೂತಿದ್ದ. ಉಸ್ತೀನ್ಯಾ ಚಹಾ ಕೊಟ್ಟು, ಕೂರದೆ ನಿಂತೇ ಹೇಳಿದಳು.

"ಸವ್ವಾ ಅಣ್ಣ, ಹುಳ ಕೊಡ್ತೀನಿ. ಆದ್ರೆ ಎರ್ಮಿಲ್ ಕೂತ್ಕೋತಿದ್ದ ಜಾಗದಲ್ಲಿ ಈ ವರ್ಷ ನಾನು ಕೂತ್ಕೋತೀನಿ."

ದಾಂಬಾನಿಗೆ ಚಹಾ ನೆತ್ತಿಗೇರಿತು. "ಅತ್ತಿಗೆ, ಗಾಳ ಹಿಡಿಯೋದು ಅಂದ್ರೆ ಸಾರಿಗೆ ಉಪ್ಪು ಹಾಕ್ದಂಗೆ ಅಂದ್ಕೊಂಡ್ರಾ?"

"ಸಾರಿಗೆ ಉಪ್ಪು ಹಾಕೋಕೂ ನಿಂಗೆ ಬರಲ್ಲ ಅಂತ ನಿನ್ ಹೆಂಡ್ತಿ ಹೇಳ್ತಿದ್ಲು ಬಿಡು."

ಸವ್ವಾ ನಕ್ಕ. ಆಮೇಲೆ ಗಡ್ಡ ಕೆರೆದುಕೊಂಡ. "ಹೆಂಗಸ್ರು ಗುಡಾರಕ್ಕೆ ಬಂದಿದ್ದೇ ಇಲ್ಲ ಕಣಮ್ಮ. ಮೀನು ಹೊರಟುಹೋದ್ರೆ ಏನ್ಮಾಡೋದು?"

"ಮೂವತ್ತೆರಡು ವರ್ಷದಿಂದ ನೀವು ನೀರಿಗೆ ಬಿಡ್ತಿರೋದು ಹೆಂಗಸಿನ ಕೈಯಿಂದ ಬಂದಿದ್ದೇ. ಹೊರಟುಹೋಯ್ತಾ ಮೀನು? ಹುಳ ಸಾಕಿದ್ದೂ ನಾನೇ, ಹುಸಿಹುಳ ಕಟ್ಟಿದ್ದೂ ನಾನೇ."

ಸವ್ವಾ ಮೊಂಡನಾದರೂ ನ್ಯಾಯದ ಮನುಷ್ಯ. ತನ್ನ ಟೋಪಿಯ ಅಂಚಿಗೆ ಚುಚ್ಚಿಕೊಂಡಿದ್ದ ಹುಸಿಹುಳ ತೆಗೆದು ಎರ್ಮಿಲನ ಅಂಗೈಗೆ ಹಾಕಿದ.

"ಹೌದೇನೋ? ಹೌದು ಅನ್ನು, ನಾಳೆನೇ ಕರ್ಕೊಂಡ್ ಹೋಗ್ತೀನಿ. ಇದನ್ನ ಕಟ್ಟೋ ಕೈ ನಮ್ ಗುಡಾರದಲ್ಲಿ ಇರ್ಲಿ, ಹೆಂಗಸಾದ್ರೂ ಸರಿ, ಯಾರಾದ್ರೂ ಸರಿ."

ಅವಳು ಅಲ್ಲೇ ಒಂದು ಹುಸಿಹುಳ ಕಟ್ಟಿ ತೋರಿಸಬಹುದಿತ್ತು. ದಾರ ಕಿಟಕಿಯಲ್ಲೇ ಇತ್ತು. ಆದರೆ ಅವಳಿಗೆ ಬೇಕಾಗಿದ್ದುದು ಸಾಕ್ಷಿಯಲ್ಲ, ಅವನ ಬಾಯಿಯಿಂದ ಒಂದು ಮಾತು. ಅವನ ಮುಖವನ್ನೇ ನೋಡುತ್ತ ನಿಂತಳು. ಎರ್ಮಿಲ್ ಹುಸಿಹುಳವನ್ನು ಆಚೀಚೆ ತಿರುಗಿಸಿದ.

"ಕಟ್ಟಿದ್ದು ನಾನೇ ಕಣೋ. ಇವಳು ಪೆಟ್ಟಿಗೆ ನೋಡ್ಕೋತಾಳೆ, ದಾರಗೀರ ಕತ್ತರಿಸಿ ಕೊಡ್ತಾಳೆ. ಅಷ್ಟಕ್ಕೇ ತಾನೇ ಕಟ್ಟಿದ್ದು ಅನ್ಸುತ್ತೆ, ಪಾಪ."

ಸುಳ್ಳನ್ನು ಅವಳು ನುಂಗಿಕೊಂಡಾಳು. ಆ 'ಪಾಪ' ಎಂಬ ಮಾತು ಗಂಟಲಲ್ಲಿ ಇಳಿಯಲಿಲ್ಲ. ಅವಳು ಹುಳದ ಪೆಟ್ಟಿಗೆ ತಂದು ಸವ್ವಾನ ಕಾಲಬುಡದಲ್ಲಿಟ್ಟಳು. "ಇದು ಕೊನೇದು. ಇನ್ಮೇಲೆ ಹುಳ ಬೇರೆ ಊರಲ್ಲಿ ನೋಡ್ಕೊಳ್ಳಿ" ಎಂದಳು. ಖಾಲಿ ಜಾಗಕ್ಕೆ ಸವ್ವಾನ ಅಳಿಯ ಬಂದು ಕೂತ.

ಅದಾದ ಮೂರನೆಯ ದಿನ ಉಸ್ತೀನ್ಯಾ ಒಬ್ಬಳೇ ಗಡ್ಡೆಗೆ ಇಳಿದಳು. ತನಗೆಂದು ಉಳಿಸಿಕೊಂಡ ಹುಳದ ಪೆಟ್ಟಿಗೆ, ಎರ್ಮಿಲನ ಕಬ್ಬಿಣದ ಹಾರೆ, ತೂತಿನಲ್ಲಿ ತೇಲುವ ಗಡ್ಡೆಚೂರು ಎತ್ತಲು ಅಡಿಗೆಮನೆಯ ತೂತುಸೌಟು, ಒಳಗೆ ಒಣಹುಲ್ಲು ತುರುಕಿದ ಉಣ್ಣೆಬೂಟು, ಎರಡು ಕಂಬಳಿಗೆ ಟಾರ್ಪಾಲು ಸೇರಿಸಿ ಹೊಲಿದ ಗುಡಾರ. ಗಂಡಸರಿಂದ ಇನ್ನೂರು ಹೆಜ್ಜೆ ಆಚೆ ನಿಂತು, ಆ ಜಾಗದ ಒಡೆಯನಾದ ದೈವಕ್ಕೆ ಹಾಲು ಬೆರೆಸಿದ ಚಹಾ ಚಿಮುಕಿಸಿದಳು. ದಾಂಬಾ ದೂರದಿಂದಲೇ ಕೂಗಿದ, "ಅತ್ತಿಗೆ, ಹಾಸಿಗೆ ಸಮೇತ ಬಂದ್ಬಿಟ್ರಾ?"

ಐವತ್ತೆರಡರ ವಯಸ್ಸಿನಲ್ಲಿ ಅವಳು ಅ ಆ ಇ ಈ ಶುರುಮಾಡಿದಳು. ಮೊದಲ ದಿನದ ತೂತು ಮೇಲೆ ಅಗಲ, ಕೆಳಗೆ ಕಿರಿದು. ನೀರು ನುಗ್ಗಿದ ಮೇಲೆ ಹಾರೆ ಆಡಿಸಿ ಅಗಲ ಮಾಡಲಾಗದು ಎನ್ನುವುದು ನೀರು ನುಗ್ಗಿದ ಮೇಲೆಯೇ ಗೊತ್ತಾಯಿತು. ಹಾರೆಯ ಕುಣಿಕೆಯನ್ನು ಮಣಿಕಟ್ಟಿಗೆ ಹಾಕಿಕೊಂಡಿದ್ದಳು, ಇಲ್ಲದಿದ್ದರೆ ಅದೂ ತಳ ಸೇರುತ್ತಿತ್ತು. ಎರಡನೆಯ ದಿನದ ತೂತು ಸರಿಯಾಯಿತು. ಸೀಸದ ಗುಂಡೂ ಹುಸಿಹುಳವೂ ಕಟ್ಟಿದ ದಾರ ಇಳಿಬಿಟ್ಟು, ಹಿಡಿಹಿಡಿ ಮೇವು ಚೆಲ್ಲಿ ಕೂತಳು. ಸಂಜೆಯ ತನಕ ದಾರ ಮಿಸುಕಲಿಲ್ಲ. ಮೂರನೆಯ ದಿನವೂ ಅಷ್ಟೆ. ಕೊನೆಗೆ ಗಡ್ಡೆಯ ಮೇಲೆ ಬೋರಲು ಮಲಗಿ, ಕೋಟನ್ನು ತಲೆಯ ಮೇಲೆ ಹೊದ್ದು, ತೂತಿಗೆ ಮುಖವಿಟ್ಟು ನೋಡಿದಳು.

ಕೆಳಗೆ ಹಸಿರು ಬೆಳಕಿನಲ್ಲಿ ಓಮುಲ್ ಹಿಂಡು ತಿರುಗುತ್ತಿತ್ತು. ಮೂವತ್ತೆರಡು ವರ್ಷ ಇದನ್ನೇ ಅಲ್ಲವೆ ಅವಳಿಗೆ ತೋರಿಸದೆ ಇಟ್ಟದ್ದು? ಅವಳಿಗೆ ಅಳು ಬಂತು, ಸಂತೋಷಕ್ಕೂ ಸಿಟ್ಟಿಗೂ ಒಟ್ಟಿಗೇ ಬಂತು. ಕಣ್ಣು ಒರೆಸಿಕೊಂಡು ಮತ್ತೆ ನೋಡಿದಾಗ ತಪ್ಪು ತಿಳಿಯಿತು. ತಾನು ಹೆಕ್ಕಿ ಹೆಕ್ಕಿ ಸಾಕಿದ ದಪ್ಪದಪ್ಪ ಹುಳಗಳನ್ನು, ಹೆಮ್ಮೆಯಿಂದ, ಮದುವೆಮನೆಯಲ್ಲಿ ಬಡಿಸುವ ಹಾಗೆ ಬಡಿಸಿದ್ದಳು. ಅಂಥ ಊಟ ಬಿಟ್ಟು ಮೀನು ಗಾಳಕ್ಕೇಕೆ ಬಾಯಿ ಹಾಕೀತು? ಮರುದಿನ ಸಣ್ಣ ಹುಳಗಳನ್ನು ಆರಿಸಿ, ಚಿಟಿಕೆಯಷ್ಟು ಹಾಕಿ, ಮೀನನ್ನು ಹಸಿವಿನಲ್ಲೇ ಕಾಯಿಸಿದಳು. ದಾರ ಬೆರಳನ್ನು ಎಳೆಯಿತು. ಅವತ್ತು ಏಳು ಮೀನು. ಮನೆಗೆ ತಂದು ಉಪ್ಪು ಸವರಿ ಎರ್ಮಿಲನ ಮುಂದಿಟ್ಟಳು. ಅವನು ಎರಡು ತಿಂದು, ಉಪ್ಪು ಕಮ್ಮಿ ಎಂದ.

ಮಾರ್ಚ್ ನಡುವಿಗೆ ಗಂಡಸರ ಹುಸಿಹುಳ ಮುಗಿದವು. ದಾರ ಹರಿದು ಕೆಲವು ಹೋದವು, ಉಳಿದವು ಸವೆದವು. ಸವ್ವಾ ಒಂದು ಸೀಸೆ ವೋದ್ಕಾ, ಒಂದು ಡಬ್ಬಿ ಬರಿಯ ಗಾಳ ತಂದು ಎರ್ಮಿಲನ ತೊಡೆಯ ಮೇಲಿಟ್ಟ. "ಕಾಲು ಹೋದ್ರೇನೋ, ಕೈ ಇದೆಯಲ್ಲ. ಇಪ್ಪತ್ತು ಕಟ್ಟಿ ಇಡು, ಭಾನುವಾರ ಬರ್ತೀನಿ" ಎಂದ. ಎರ್ಮಿಲ್ ತಲೆಯಾಡಿಸಿದ. ಬೇರೆ ಏನು ಮಾಡಿಯಾನು?

ಮೂರು ದಿನ ಅವನು ಕಿಟಕಿಯ ಪಕ್ಕ ಕೂತ. ಕಟ್ಟಿದ, ಬಿಚ್ಚಿದ, ಬೆರಳಿಗೆ ಚುಚ್ಚಿಕೊಂಡ, ಬೈದ. ಕಟ್ಟೆಯ ಮೇಲೆ ಅದೇ ಹಳೆಯ ಉಣ್ಣೆಗಂಟುಗಳು ಸಾಲಾದವು. ಶನಿವಾರ ಮಧ್ಯಾಹ್ನ ಉಸ್ತೀನ್ಯಾ ಮೀನು ಸೀಳುತ್ತಿದ್ದಾಗ ಅವನು ತಿರುಗಿ ನೋಡದೆಯೇ ಕೇಳಿದ.

"ಉಸ್ತ್ಯಾ, ಆ ಕೂದಲು ಯಾವ ಕಡೆಯಿಂದ ಸುತ್ತೋದು?"

"ನನ್ನ ಕೇಳ್ತೀಯಲ್ಲ. ಕಟ್ಟಿದ್ದು ನೀನು."

"ನಾಳೆ ಸವ್ವಾ ಬರ್ತಾನೆ ಕಣೇ."

"ಬರ್ಲಿ. ಕಟ್ಟಿದ್ದು ಯಾರು ಅಂತ ಅವನ ಮುಂದೆ ಹೇಳು. ಹೇಳಿದ ಗಳಿಗೆನೇ ಕೂತು ಇಪ್ಪತ್ತೂ ಕಟ್ಟಿಕೊಡ್ತೀನಿ."

ಅವನು ಮತ್ತೊಂದು ಗಂಟು ಬಿಚ್ಚತೊಡಗಿದ. ಅವಳ ಎದೆಯಲ್ಲಿ ಮಾತ್ರ ಒಂದು ಆಸೆ ಎದ್ದು ಕೂತಿತು. ನಾಳೆ ಹೇಳಬಹುದು, ಬೇರೆ ದಾರಿಯೇ ಇಲ್ಲವಲ್ಲ ಎಂದುಕೊಂಡಳು. ಶಾಲು ತೆಗೆದು, ಉಳಿದಿದ್ದ ಕುಚ್ಚಿನಿಂದ ಇಪ್ಪತ್ತಕ್ಕಾಗುವಷ್ಟು ದಾರ ಬಿಡಿಸಿ ಸಿದ್ಧ ಮಾಡಿಟ್ಟಳು.

ಭಾನುವಾರ ಸವ್ವಾ ಬಂದ. ಎರ್ಮಿಲ್ ಖಾಲಿ ಕೈ ಎತ್ತಿ ತೋರಿಸಿದ.

"ಕಣ್ಣು ಕಾಣ್ಸಲ್ಲ ಕಣೋ ಸವ್ವಾ. ದಾರಾನೇ ಕಾಣ್ಸಲ್ಲ. ಮುಗೀತು ನಂದು."

ಸವ್ವಾನ ಕಣ್ಣಲ್ಲಿ ನೀರು ಬಂತು. ಎರ್ಮಿಲನನ್ನು ತಬ್ಬಿಕೊಂಡು, "ಇನ್ನು ಈ ಕೊಲ್ಲೀಲಿ ಅಂಥಾದ್ದನ್ನ ಕಟ್ಟೋರು ಹುಟ್ಟಲ್ಲ ಬಿಡೋ" ಎಂದ. ಎರ್ಮಿಲನೂ ಅತ್ತ. ಉಸ್ತೀನ್ಯಾ ಬಿಡಿಸಿಟ್ಟ ದಾರವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಇಬ್ಬರಿಗೂ ಚಹಾ ಬಗ್ಗಿಸಿದಳು. ಆ ಗಳಿಗೆಯಿಂದ ಅವನಿಂದ ಏನನ್ನೂ ಬಯಸಲಿಲ್ಲ. ಊಟ ಹಾಕಿದಳು, ಕಾಲಿನ ಗಾಯ ತೊಳೆದಳು, ಅಷ್ಟೆ.

ಮುಂದಿನ ಶರತ್ಕಾಲದಲ್ಲಿ ಎರ್ಮಿಲ್ ತೀರಿಕೊಂಡ. ಗುಡಾರದವರು ಎಲ್ಲೋ ಉಳಿದಿದ್ದ ಒಂದು ಹುಸಿಹುಳ ತಂದು ಸಮಾಧಿಯ ಶಿಲುಬೆಗೆ ಚುಚ್ಚಿದರು. ಅದನ್ನು ಕಂಡು ಅಳದವರಿಲ್ಲ. ಉಸ್ತೀನ್ಯಾ ಮದುವೆಯ ಶಾಲು ಹೊದ್ದು ಅದರ ಪಕ್ಕದಲ್ಲೇ ನಿಂತಿದ್ದಳು. ಶಾಲೂ ಕಿತ್ತಳೆ, ಹುಸಿಹುಳವೂ ಕಿತ್ತಳೆ. ಶಾಲಿಗೆ ಕುಚ್ಚೇ ಇರಲಿಲ್ಲ. ಅಷ್ಟು ಜನರಲ್ಲಿ ಒಬ್ಬನಾದರೂ ಅದನ್ನು ನೋಡಿ ಇದನ್ನು ನೋಡಲಿಲ್ಲ. ಎಲ್ಲರೂ ವೋದ್ಕಾ ಕುಡಿಯಲು ಮನೆಯ ಕಡೆ ಇಳಿದ ಮೇಲೆ ಅವಳು ಗಾಳವನ್ನು ಶಿಲುಬೆಯಿಂದ ಬಿಡಿಸಿಕೊಂಡು ಕೈವಸ್ತ್ರದಲ್ಲಿ ಸುತ್ತಿದಳು.

ಜನವರಿಯಲ್ಲಿ ಗಡ್ಡೆ ಕಟ್ಟಿತು. ಅವಳು ಇನ್ನೂರು ಹೆಜ್ಜೆ ಆಚೆಯ ತನ್ನ ಜಾಗದಲ್ಲಿ ತೂತು ಕೊರೆದು, ಆ ಹುಸಿಹುಳವನ್ನೇ ಇಳಿಬಿಟ್ಟಳು. ಮಧ್ಯಾಹ್ನದೊಳಗೆ ಹನ್ನೊಂದು ಮೀನು ಗಡ್ಡೆಯ ಮೇಲೆ ಬಿದ್ದವು. ಹಾದು ಹೋಗುತ್ತಿದ್ದ ಸವ್ವಾ ನಿಂತು ನೋಡಿದ. ಅವಳ ದಾರದ ತುದಿಯ ಕಿತ್ತಳೆ ಬಣ್ಣವನ್ನೂ ನೋಡಿದ. ಟೋಪಿ ತೆಗೆದ.

"ನೋಡಮ್ಮ, ಸತ್ತ ಮೇಲೂ ಎರ್ಮಿಲ್ ನಿನ್ನ ಹೊಟ್ಟೆ ತುಂಬಿಸ್ತಾ ಇದಾನೆ."

ಉಸ್ತೀನ್ಯಾ ತಲೆಯೆತ್ತಲಿಲ್ಲ. ಪೆಟ್ಟಿಗೆಯಿಂದ ಒಂದು ಚಿಟಿಕೆ ಹುಳ ತೆಗೆದು, ಸತ್ತದ್ದೇನಾದರೂ ಇದೆಯೇ ಎಂದು ನೋಡಿ, ನೀರಿಗೆ ಹಾಕಿದಳು.